ಪಾರಣೆ ಇಲ್ಲದ ಉಪವಾಸ

ಎಳ್ಳಮಾಸಿಯ ಮಧ್ಯಾಹ್ನ ಕಮಠಾಣದ ಸುತ್ತಲಿನ ಹೊಲಗಳಲ್ಲಿ ಯಾರೂ ಒಬ್ಬರೇ ಕೂತು ಉಣ್ಣುವುದಿಲ್ಲ. ಬೆಳೆಗೆ ಪೂಜೆ ಮಾಡಿ, ಚರಗ ಚೆಲ್ಲಿ ಬಂದವರು ಕಂಬಳಿ ಹಾಸಿ ಸಾಲಾಗಿ ಕೂಡುತ್ತಾರೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಒಂದಾದ ಮೇಲೊಂದು ಬರುತ್ತವೆ. ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ ‘ಬರ್ರಿ, ಊಟಕ್ಕ ಬರ್ರಿ’ ಎಂದು ಕರೆದು ಕೂಡಿಸುವ ದಿನ ಅದು. ಬೀದರ್, ಭಾಲ್ಕಿ, ಔರಾದ್ ಕಡೆಯವರು ವರ್ಷವಿಡೀ ಕಾಯುವ ಊಟ.

ಆ ಸಾಲಿನಲ್ಲಿ 17 ವರ್ಷದ ಹುಡುಗಿಯೊಬ್ಬಳು ಕೂತಿದ್ದಾಳೆ ಎಂದುಕೊಳ್ಳಿ. ನಸುಕಿನಲ್ಲೇ ಎದ್ದು ಎಲ್ಲರಿಗಿಂತ ಹೆಚ್ಚು ರೊಟ್ಟಿ ಬಡಿದವಳು ಅವಳೇ. ಎಲ್ಲರ ತಾಟಿಗೂ ಬಡಿಸಿ ಕಡೆಗೆ ಕೂತವಳೂ ಅವಳೇ. ಮುಂದಿರುವ ಅರ್ಧ ರೊಟ್ಟಿಯನ್ನು ಉಗುರಿನಷ್ಟು ಸಣ್ಣ ಚೂರು ಮಾಡಿ ತಾಟಿನ ಅಂಚಿಗೆ ಸರಿಸುತ್ತಿದ್ದಾಳೆ. ಬಿಸಿಲೇರಿದರೂ ಮೈಮೇಲಿನ ಸ್ವೆಟರ್ ತೆಗೆದಿಲ್ಲ. ‘ಯಾಕವ್ವ, ಉಣವಲ್ಲಿ?’ ಎಂದು ದೊಡ್ಡವ್ವ ಕೇಳಿದರೆ ‘ಹೊಟ್ಟಿ ತುಂಬ್ಯದ, ದೊಡ್ಡವ್ವ’ ಎನ್ನುತ್ತಾಳೆ. ಸಾಲಿನಲ್ಲಿ ಕೂತವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಒಬ್ಬರಿಗೆ ಅದು ಗ್ಯಾಸು. ಇನ್ನೊಬ್ಬರಿಗೆ ದೃಷ್ಟಿ ತಾಗಿದ್ದು. ಮತ್ತೊಬ್ಬರಿಗೆ ನೀಟ್ ಪರೀಕ್ಷೆಯ ಚಿಂತೆ. ‘ಶ್ರಾವಣದಾಗ ಸೋಮವಾರ ಹಿಡಿದಾಳ, ಆಗಿಂದ ಬಿಟ್ಟೇ ಇಲ್ಲ’ ಎಂದು ಅವ್ವ ಅರ್ಧ ಅಭಿಮಾನದಿಂದ, ಅರ್ಧ ದಿಗಿಲಿನಿಂದ ಹೇಳುತ್ತಾಳೆ.

ಇವುಗಳಲ್ಲಿ ಯಾವುದಾದರೂ ಒಂದು ನಿಜವಿರಬಹುದು. ಅಥವಾ ಯಾರೂ ಹೆಸರು ಹೇಳದ ಅನೊರೆಕ್ಸಿಯ ನರ್ವೋಸ ಆಕೆಗೆ ಹಿಡಿದಿರಬಹುದು. ಈ ರೋಗದ ಬಗ್ಗೆ 300 ವರ್ಷಕ್ಕೂ ಮೀರಿ ನಡೆದಿರುವ ವಾದದ ತಿರುಳು ಒಂದೇ ಪ್ರಶ್ನೆ: ಮನಸ್ಸು ಕೆಟ್ಟು ಮೈ ಸೊರಗುತ್ತದೋ, ಮೈ ಸೊರಗಿದ್ದರಿಂದ ಮನಸ್ಸು ಕೆಡುತ್ತದೋ? ಆ ವಾದ ಎಲ್ಲಿಂದ ಹೊರಟು ಎಲ್ಲಿಗೆ ಬಂದಿದೆ, ನಮ್ಮ ಮನೆಗಳಿಗೆ ಅದರಿಂದ ಏನು ಸಿಗುತ್ತದೆ ಎಂಬುದನ್ನು ಒಟ್ಟಾಗಿ ನೋಡುವ ಪ್ರಯತ್ನವಿದು.

ಹೆಸರಿನಲ್ಲೇ ಒಂದು ತಪ್ಪು

‘ಅನೊರೆಕ್ಸಿಯ’ ಎಂಬ ಗ್ರೀಕ್ ಮೂಲದ ಮಾತಿಗೆ ಹಸಿವಿಲ್ಲದಿರುವುದು ಎಂದರ್ಥ. ಕಾಮಾಲೆ, ಕ್ಷಯ, ಜ್ವರ ಬಂದವರಿಗೆ ಊಟ ಸೇರದಿದ್ದರೆ ವೈದ್ಯರು ಚೀಟಿಯಲ್ಲಿ ಇದೇ ಪದ ಬರೆಯುತ್ತಾರೆ. ಆಯುರ್ವೇದದ ‘ಅರೋಚಕ’ವೂ ಇದಕ್ಕೆ ಹತ್ತಿರದ್ದು. ಮೂರು ದೋಷಗಳ ಜತೆಗೆ ಶೋಕ, ಭಯ, ಕ್ರೋಧಗಳಿಂದಲೂ ಅನ್ನದ ರುಚಿ ಹೋಗುತ್ತದೆ ಎಂದು ಚರಕಸಂಹಿತೆ ಗುರುತಿಸಿತ್ತು.

ಅನೊರೆಕ್ಸಿಯ ನರ್ವೋಸದಲ್ಲಿ ಮಾತ್ರ, ಬಹುತೇಕ ರೋಗಿಗಳಿಗೆ ಮೊದಲಲ್ಲಿ ಹಸಿವು ಇರುತ್ತದೆ. ಅವರು ಅದರೊಡನೆ ಹಗಲು ರಾತ್ರಿ ಹೋರಾಡುತ್ತಾರೆ. ಗೆದ್ದ ಪ್ರತಿ ದಿನವೂ ರೋಗವನ್ನು ಒಂದು ಮೆಟ್ಟಿಲು ಮೇಲಕ್ಕೆ ಒಯ್ಯುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿ ಮೂರು ಲಕ್ಷಣ ಹೇಳುತ್ತದೆ. ಮೈಗೆ ಬೇಕಾದಷ್ಟು ತಿನ್ನದೆ ತೂಕ ತೀರ ಇಳಿದಿರುವುದು. ತೂಕ ಏರುವ ಭಯ, ಇಲ್ಲವೇ ತೂಕ ಏರದಂತೆ ತಡೆಯುವ ನಡವಳಿಕೆ. ತನ್ನ ಮೈಯನ್ನು ಇದ್ದಂತೆ ಕಾಣಲಾಗದಿರುವುದು, ಅಥವಾ ಸ್ಥಿತಿ ಎಷ್ಟು ಗಂಭೀರವೆಂದು ಒಪ್ಪಲಾಗದಿರುವುದು. ಹಿಂದಿನ ಪಟ್ಟಿಯಲ್ಲಿದ್ದ ‘ಮುಟ್ಟು ನಿಂತಿರಬೇಕು’ ಎಂಬ ಷರತ್ತನ್ನು ಈ ಬಾರಿ ತೆಗೆದರು. ಅದು ಗಂಡುಮಕ್ಕಳನ್ನು, ಇನ್ನೂ ಮೈನೆರೆಯದ ಹುಡುಗಿಯರನ್ನು ಲೆಕ್ಕದಿಂದ ಹೊರಗಿಡುತ್ತಿತ್ತು.

ಕ್ಷಯದ ಪುಸ್ತಕದಲ್ಲಿ ಹುಟ್ಟಿದ ರೋಗ

ನಮ್ಮ ಜಿಲ್ಲೆಗಳಲ್ಲಿ ಹುಡುಗಿಯೊಬ್ಬಳು ಸೊರಗಿದರೆ ವೈದ್ಯರು ಮೊದಲು ನೆನೆಯುವುದು ಕ್ಷಯವನ್ನು, ಮತ್ತದು ಸರಿಯೇ. ಈ ರೋಗದ ಮೊದಲ ವೈದ್ಯಕೀಯ ವಿವರಣೆ ದೊರಕಿದ್ದೂ ಒಂದು ಕ್ಷಯದ ಪುಸ್ತಕದಲ್ಲಿ. ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನ್ 1689ರಲ್ಲಿ ಬರೆದ ಗ್ರಂಥದಲ್ಲಿ ಇಬ್ಬರು ಎಳೆಯರ ವಿಷಯ ಬರುತ್ತದೆ: 18ರ ಹುಡುಗಿ, 16ರ ಹುಡುಗ. ಜ್ವರವಿಲ್ಲ, ಕೆಮ್ಮಿಲ್ಲ, ಆದರೂ ಮೈ ಕರಗುತ್ತಿದೆ. ಮನಸ್ಸಿನ ಚಿಂತೆ ಮತ್ತು ಬಿಡುವಿಲ್ಲದ ಓದು ಇದಕ್ಕೆ ಕಾರಣವೆಂದು ಆತ ಶಂಕಿಸಿದ. ಹುಡುಗಿ ಔಷಧ ಬೇಡವೆಂದಳು, ಉಳಿಯಲಿಲ್ಲ. ಓದು ಬಿಡಿಸಿ ಹಳ್ಳಿಗೆ ಕಳಿಸಿದ ಹುಡುಗ ಬಹುಮಟ್ಟಿಗೆ ಚೇತರಿಸಿಕೊಂಡ. ಇದು ಹೆಣ್ಣುಮಕ್ಕಳ ರೋಗ ಮಾತ್ರ ಎನ್ನುವವರು ಆ ಹುಡುಗನನ್ನು ನೆನಪಿಡಬೇಕು.

1869ರ ಡಿಸೆಂಬರಿನಲ್ಲಿ ವೇಲ್ಸ್‌ನ ಹಳ್ಳಿಯೊಂದರಲ್ಲಿ ಸಾರಾ ಜೇಕಬ್ ಎಂಬ 12ರ ಬಾಲಕಿ ಸತ್ತಳು. ಅನ್ನನೀರಿಲ್ಲದೆ ಬದುಕುವ ಪವಾಡದ ಮಗು ಎಂದು ಜನ ಕಾಣಿಕೆ ಹಿಡಿದು ನೋಡಲು ಬರುತ್ತಿದ್ದರು. ನಿಜವೇನೆಂದು ಪರೀಕ್ಷಿಸಲು ಲಂಡನ್ನಿನ ಗೈಸ್ ಆಸ್ಪತ್ರೆಯ ದಾದಿಯರು ಮಂಚದ ಸುತ್ತ ಕಾವಲು ಕೂತರು. ಅವರ ಕಣ್ಣೆದುರೇ ಮಗು ಹಸಿವಿನಿಂದ ಕೊನೆಯುಸಿರೆಳೆಯಿತು. ತಂದೆತಾಯಿಗೆ ಜೈಲಾಯಿತು. ಅದೇ ಗೈಸ್ ಆಸ್ಪತ್ರೆಯ ವೈದ್ಯ ವಿಲಿಯಂ ಗಲ್ ನಾಲ್ಕು ವರ್ಷಗಳ ಬಳಿಕ, 1873ರಲ್ಲಿ, ಈ ಸ್ಥಿತಿಗೆ ‘ಅನೊರೆಕ್ಸಿಯ ನರ್ವೋಸ’ ಎಂಬ ಹೆಸರು ಕೊಟ್ಟ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ಲಸೇಗ್ ಇದನ್ನು ಬೇರೆಯಾಗಿಯೇ ವಿವರಿಸಿದ. ಗಲ್‌ನ ಕಣ್ಣು ರೋಗಿಯ ನಾಡಿ, ಉಸಿರು, ಮೈಶಾಖದ ಮೇಲೆ; ಲಸೇಗ್‌ನ ಕಣ್ಣು ಊಟದ ಮೇಜಿನ ಸುತ್ತ ಬೇಡಿಕೊಳ್ಳುವ, ಗದರಿಸುವ ಮನೆಯವರ ಮೇಲೆ. ಮೈಯೋ ಮನಸ್ಸೋ ಎಂಬ ಕವಲು ಅಲ್ಲಿಂದಲೇ ಒಡೆಯಿತು.

ಮುಂದೆ 1914ರಲ್ಲಿ ಜರ್ಮನಿಯ ಮೊರಿಸ್ ಸಿಮಂಡ್ಸ್, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ನಾಶವಾದರೆ ಮೈ ಸೊರಗುತ್ತದೆ ಎಂದು ತೋರಿಸಿದ. ಅಲ್ಲಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಎಷ್ಟೋ ಅನೊರೆಕ್ಸಿಯ ರೋಗಿಗಳನ್ನು ಗ್ರಂಥಿಯ ರೋಗಿಗಳೆಂದೇ ಎಣಿಸಿದರು. ಆಮೇಲೆ ತಕ್ಕಡಿ ಮತ್ತೆ ಮನಸ್ಸಿನ ಕಡೆ ವಾಲಿತು. ಈಗ ನಡುವೆ ನಿಲ್ಲಲು ಹೆಣಗುತ್ತಿದೆ.

ಮೈಯಲ್ಲಿ ನಡೆಯುವುದು

ಬರಗಾಲದಲ್ಲಿ ಒಕ್ಕಲಿಗ ಏನು ಮಾಡುತ್ತಾನೋ ಮೈಯೂ ಅದನ್ನೇ ಮಾಡುತ್ತದೆ. ಇವತ್ತು ಬದುಕಲು ಬೇಕಾದ್ದಕ್ಕೆ ಮಾತ್ರ ಖರ್ಚು; ಉಳಿದದ್ದೆಲ್ಲ ಬಂದ್.

ಕೊಬ್ಬು ಕರಗಿದಂತೆ ಲೆಪ್ಟಿನ್ ಎಂಬ ಹಾರ್ಮೋನು ಕುಸಿಯುತ್ತದೆ. ಮನೆಯಲ್ಲಿ ಕಾಳು ಮುಗಿದಿದೆ ಎಂದು ಮೆದುಳಿಗೆ ಹೋಗುವ ಸುದ್ದಿ ಅದು. ಮೆದುಳು ಅಂಡಾಶಯಕ್ಕೆ ಕೊಡುವ ಆಜ್ಞೆ ನಿಲ್ಲಿಸುತ್ತದೆ, ಮುಟ್ಟು ನಿಲ್ಲುತ್ತದೆ. ಥೈರಾಯ್ಡಿನ ಕೆಲಸ ತಗ್ಗಿ ಮೈ ತಣ್ಣಗಾಗುತ್ತದೆ, ಬೆರಳ ತುದಿ ನೀಲಿಗಟ್ಟುತ್ತದೆ. ಹೊಲದ ಬಿಸಿಲಲ್ಲೂ ಸ್ವೆಟರ್ ತೆಗೆಯದ್ದಕ್ಕೆ ಇದೊಂದು ಕಾರಣ. ತಲೆಗೂದಲು ಉದುರುತ್ತದೆ. ಬೆನ್ನು, ತೋಳುಗಳ ಮೇಲೆ ಹಸುಗೂಸಿನ ಮೈಮೇಲಿರುವಂಥ ನಯವಾದ ರೋಮ ಮೂಡುತ್ತದೆ.

ಹೃದಯವೂ ಒಂದು ಸ್ನಾಯು, ಅದೂ ಸವೆಯುತ್ತದೆ. ನಾಡಿ ನಿಧಾನವಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಎದ್ದು ನಿಂತರೆ ಕಣ್ಣಿಗೆ ಕತ್ತಲು ಕವಿಯುತ್ತದೆ. ವಾಂತಿ ಮಾಡಿಕೊಳ್ಳುವವರಲ್ಲಿ, ಭೇದಿ ಮಾತ್ರೆ ನುಂಗುವವರಲ್ಲಿ ಪೊಟ್ಯಾಸಿಯಂ ಕುಸಿದು ಹೃದಯ ಲಯ ತಪ್ಪಬಹುದು. ಹೊರಗೆ ಓಡಾಡಿಕೊಂಡೇ ಇದ್ದವರು ಒಮ್ಮೆಲೇ ಕುಸಿದು ಸಾಯುವುದು ಹೀಗೆ. ಎಲುಬಿನ ಮಜ್ಜೆ ಕ್ಷೀಣಿಸಿ ರಕ್ತಕಣಗಳು ಕಡಿಮೆಯಾಗುತ್ತವೆ.

ಎಲುಬಿನ ಕತೆ ಇನ್ನೂ ಉದ್ದ. ಜೀವಮಾನಕ್ಕೆ ಬೇಕಾದ ಎಲುಬಿನ ಗಟ್ಟಿತನದ ದೊಡ್ಡ ಪಾಲು ಕೂಡಿಬರುವುದು ಹರೆಯದಲ್ಲೇ. ಈಸ್ಟ್ರೊಜನ್ ಇಲ್ಲದೆ, ಕಾರ್ಟಿಸಾಲ್ ಏರಿ, ಪೋಷಣೆ ತಪ್ಪಿ ಆ ಕೂಡಿಕೆಯೇ ನಿಂತರೆ ಇಪ್ಪತ್ತರ ಹುಡುಗಿಗೆ ಅಜ್ಜಿಯ ಎಲುಬು ಬರುತ್ತದೆ. ಉಳಿದ ಅಂಗಗಳು ತೂಕ ಮರಳಿದಾಗ ಬಹುಮಟ್ಟಿಗೆ ಚೇತರಿಸುತ್ತವೆ. ಎಲುಬು ಮಾತ್ರ ಪೂರ್ತಿಯಾಗಿ ಮರಳದಿರಬಹುದು.

ಇನ್ನು ಹೊಟ್ಟೆ. ದಿನಗಟ್ಟಲೆ ಖಾಲಿ ಬಿಟ್ಟ ಜಠರ ಮಂದವಾಗುತ್ತದೆ. ನಾಲ್ಕು ತುತ್ತು ಉಂಡರೂ ಅದು ಮುಂದೆ ಸಾಗುವುದಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ಮಲಬದ್ಧತೆ ಕಾಡುತ್ತದೆ. ಅಂದರೆ ‘ಹೊಟ್ಟಿ ತುಂಬ್ಯದ’ ಎಂದ ಹುಡುಗಿ ಆ ಗಳಿಗೆಯಲ್ಲಿ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಗ್ಯಾಸು ಎಂದವರ ಮಾತಿನಲ್ಲೂ ಸತ್ಯವಿದೆ. ಆದರೆ ಆ ಗ್ಯಾಸು ಉಪವಾಸದ ಫಲ. ಉಪವಾಸಕ್ಕೆ ಕಾರಣ ಅದಲ್ಲ.

ಮನಸ್ಸಿನಲ್ಲಿ ನಡೆಯುವುದು: ಮಿನೆಸೋಟದ 36 ಜನ

ಹಸಿವು ಮನಸ್ಸನ್ನು ಏನು ಮಾಡುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಅನೊರೆಕ್ಸಿಯದ ಸೋಂಕೇ ಇಲ್ಲದ ಗಂಡಸರಿಂದ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಯೂರೋಪಿನ ಹಸಿದ ಜನಕ್ಕೆ ಹೇಗೆ ಉಣಿಸಬೇಕೆಂದು ತಿಳಿಯಲು, ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಜನ ಆರೋಗ್ಯವಂತ ತರುಣರ ಮೇಲೆ ಪ್ರಯೋಗ ನಡೆಸಿದ. ಯುದ್ಧಕ್ಕೆ ಹೋಗಲು ಆತ್ಮಸಾಕ್ಷಿ ಒಪ್ಪದೆ, ಬದಲಿಗೆ ಈ ಸೇವೆಗೆ ತಾವಾಗಿ ಬಂದವರು ಅವರು. 1944ರ ನವೆಂಬರಿನಲ್ಲಿ ಶುರುವಾದ ಪ್ರಯೋಗದಲ್ಲಿ 24 ವಾರ ಅರೆಹೊಟ್ಟೆ ಊಟ. ಮೈತೂಕದ ಸುಮಾರು ಕಾಲುಭಾಗ ಇಳಿಯಿತು. 1950ರಲ್ಲಿ ಎರಡು ಸಂಪುಟಗಳಲ್ಲಿ ಅದರ ವರದಿ ಬಂತು.

ವರದಿಯಲ್ಲಿ ಮೈಯ ಕತೆಗಿಂತ ಮನಸ್ಸಿನ ಕತೆ ಬೆಚ್ಚಿಬೀಳಿಸುವಂಥದ್ದು. ಅವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಊಟದ ಕನಸು ಕಂಡರು. ಒಂದು ತಾಟು ಊಟವನ್ನು ತಾಸುಗಟ್ಟಲೆ ಎಳೆದರು, ತಾಟು ನೆಕ್ಕಿದರು. ಗೆಳೆಯರಿಂದ ದೂರ ಸರಿದರು, ಸಣ್ಣ ಮಾತಿಗೆ ಸಿಡಿದರು, ಖಿನ್ನರಾದರು. ಸದಾ ಚಳಿ. ಒಬ್ಬಾತ ತನ್ನ ಕೈಬೆರಳುಗಳನ್ನೇ ಕೊಡಲಿಯಿಂದ ಕಡಿದುಕೊಂಡ. ಊಟ ಮರಳಿ ಸಿಕ್ಕ ಮೇಲೂ ಎಷ್ಟೋ ಜನರ ಮನಸ್ಸು ತಿಂಗಳುಗಟ್ಟಲೆ ಅನ್ನದ ಸುತ್ತಲೇ ಸುತ್ತಿತು.

ಹೊಲದ ಹುಡುಗಿಯನ್ನು ಈಗ ಮತ್ತೆ ನೋಡಿ. ಎಲ್ಲರಿಗೂ ರೊಟ್ಟಿ ಬಡಿದು, ಬಡಿಸಿ, ಇನ್ನೊಬ್ಬರು ಉಣ್ಣುವುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವ ಆ ಮಗುವನ್ನು ಊರು ‘ಎಷ್ಟು ಚೊಲೊ ಹುಡುಗಿ’ ಎನ್ನುತ್ತದೆ. ಮಿನೆಸೋಟದ ತರುಣರು ಅಡುಗೆ ಪುಸ್ತಕ ಓದುತ್ತಿದ್ದರಲ್ಲ, ಆ ಚಡಪಡಿಕೆಯೇ ಇವಳ ಕೈಯಲ್ಲಿ ರೊಟ್ಟಿಯಾಗಿ ಬಡಿಸಿಕೊಳ್ಳುತ್ತಿರಬಹುದು.

ಹಸಿದ ಮೆದುಳು ಗಾತ್ರದಲ್ಲೂ ಕುಗ್ಗುತ್ತದೆ. ಹಲವು ದೇಶಗಳ ಸ್ಕ್ಯಾನುಗಳನ್ನು ಕೂಡಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಉಳಿದ ಮಾನಸಿಕ ಕಾಯಿಲೆಗಳಲ್ಲಿ ಕಾಣುವುದಕ್ಕಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚಿನ ಕುಗ್ಗುವಿಕೆಯನ್ನು ಇಲ್ಲಿ ಕಂಡಿತು. ತೂಕ ಮರಳುತ್ತಿರುವವರಲ್ಲಿ ಈ ವ್ಯತ್ಯಾಸ ಕಡಿಮೆ ಇತ್ತು. ಹಟ, ಒಂದೇ ನಿಯಮಕ್ಕೆ ಜೋತುಬೀಳುವುದು, ‘ನನಗೇನೂ ಆಗಿಲ್ಲ’ ಎಂಬ ಮಾತು ಇವನ್ನೆಲ್ಲ ಸ್ವಭಾವವೆಂದು ಬೈಯುವ ಮೊದಲು, ಹೀಗೆ ಮಾತಾಡುತ್ತಿರುವುದು ಹಸಿದ ಮೆದುಳು ಎಂಬುದನ್ನು ಮನೆಯವರು ತಿಳಿದಿರಬೇಕು.

ಈ ಕಾಯಿಲೆಯನ್ನು ಹಗುರಾಗಿ ನೋಡುವಂತಿಲ್ಲ. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕದ ಪ್ರಕಾರ, ಅನೊರೆಕ್ಸಿಯ ಇರುವವರ ಸಾವಿನ ಪ್ರಮಾಣ ಅದೇ ವಯಸ್ಸಿನ ಉಳಿದವರಿಗಿಂತ ಸುಮಾರು 6 ಪಟ್ಟು. ಆ ಸಾವುಗಳಲ್ಲಿ ಐದರಲ್ಲೊಂದು ಆತ್ಮಹತ್ಯೆ.

ಯಾಕೆ ಬರುತ್ತದೆ? ಮೂರು ವಾದಗಳು

*ಮನಸ್ಸು ಮತ್ತು ಮನೆ.* 1970ರ ದಶಕದಲ್ಲಿ ಹಿಲ್ಡೆ ಬ್ರೂಕ್ ಈ ರೋಗದ ದೊಡ್ಡ ವ್ಯಾಖ್ಯಾನಕಾರಳಾದಳು. 1978ರ ‘ದ ಗೋಲ್ಡನ್ ಕೇಜ್’ ಆಕೆಯ ಹೆಸರಾಂತ ಪುಸ್ತಕ. ಬದುಕಿನಲ್ಲಿ ಯಾವುದೂ ತನ್ನ ಕೈಯಲ್ಲಿಲ್ಲ ಎನಿಸಿದ ವಿಧೇಯ ಹುಡುಗಿ ತನ್ನ ಮೈಯೊಂದನ್ನಾದರೂ ಅಂಕೆಯಲ್ಲಿ ಇಟ್ಟುಕೊಳ್ಳುತ್ತಾಳೆ ಎಂಬುದು ಆಕೆಯ ಒಳನೋಟ. ಅದೇ ವರ್ಷ ಸಾಲ್ವಡಾರ್ ಮಿನೂಚಿನ್ ಮತ್ತು ಸಂಗಡಿಗರು, ಒಬ್ಬರೊಳಗೊಬ್ಬರು ಸಿಕ್ಕಿಹಾಕಿಕೊಂಡು ಜಗಳವನ್ನು ಒಳಗೇ ನುಂಗುವ ಕುಟುಂಬಗಳಲ್ಲಿ ಇದು ಬೇರೂರುತ್ತದೆ ಎಂದರು. ಅಂಕೆಯ ಮಾತು ಇಂದಿಗೂ ಅನೇಕ ರೋಗಿಗಳ ಅನುಭವಕ್ಕೆ ಹೊಂದುತ್ತದೆ. ಆದರೆ ‘ಇಂಥ ಮನೆಯಿಂದಲೇ ರೋಗ’ ಎಂಬುದಕ್ಕೆ ಆಧಾರ ನಿಲ್ಲಲಿಲ್ಲ. ಮಗು ಕಣ್ಣೆದುರು ಸೊರಗುವಾಗ ಯಾವ ಮನೆಯಾದರೂ ಬಿಗಿಯುತ್ತದೆ. ವೈದ್ಯರು ಕಂಡ ಬಿಗುವು ರೋಗದ ಫಲವೂ ಆಗಿರಬಹುದು. ಕುಟುಂಬವನ್ನು ಮೂಲ ಕಾರಣವೆನ್ನುವ ವಾದವನ್ನು ಈ ಕ್ಷೇತ್ರದ ಅಂತರರಾಷ್ಟ್ರೀಯ ತಜ್ಞರ ಸಂಘ 2010ರಲ್ಲಿ ಸ್ಪಷ್ಟವಾಗಿ ತಳ್ಳಿಹಾಕಿತು. ಅವ್ವನ ತಲೆಯ ಮೇಲೆ ತಪ್ಪು ಹೊರಿಸುವ ನಮ್ಮ ಓಣಿಗಳಿಗೆ ಈ ಸುದ್ದಿ ಇನ್ನೂ ತಲುಪಬೇಕು.

*ಕಾಲ ಮತ್ತು ಕನ್ನಡಿ.* ತೆಳ್ಳಗಿರುವುದೇ ಚೆಲುವು ಎಂಬ ಕಾಲದ ಒತ್ತಡವೇ ಕಾರಣ ಎನ್ನುವುದು ಎರಡನೆಯ ವಾದ. ಇದಕ್ಕೆ ಹೆಸರಾದ ಸಾಕ್ಷಿ ಫಿಜಿ ದ್ವೀಪದ್ದು. ಮೈತುಂಬಿದವರನ್ನೇ ಮೆಚ್ಚುವ ಅಲ್ಲಿನ ನದ್ರೋಗ ಪ್ರದೇಶಕ್ಕೆ ಟಿವಿ ಬಂದ 1995ರಲ್ಲಿ, ಮತ್ತೆ 1998ರಲ್ಲಿ, ಆ್ಯನ್ ಬೆಕರ್ ಶಾಲಾ ಹುಡುಗಿಯರನ್ನು ಪ್ರಶ್ನಿಸಿದಳು. ಊಟದ ಬಗ್ಗೆ ಕೆಡುಕಿನ ಗೀಳು ಇರುವವರ ಪ್ರಮಾಣ ನೂರಕ್ಕೆ 12.7ರಿಂದ 29.2ಕ್ಕೆ ಏರಿತ್ತು. ಆದರೆ ಅದು ಗೀಳಿನ ಲೆಕ್ಕ. ಟಿವಿ ನೋಡಿದ ಎಲ್ಲರಿಗೂ ಅನೊರೆಕ್ಸಿಯ ಬರುವುದಿಲ್ಲ. ಬರುವವರು ನೂರಕ್ಕೆ ಒಬ್ಬರ ಆಸುಪಾಸು. ಪಮೆಲಾ ಕೀಲ್ ಮತ್ತು ಕೆಲ್ಲಿ ಕ್ಲಂಪ್ 2003ರಲ್ಲಿ ಇತಿಹಾಸವನ್ನೂ ದೇಶಗಳನ್ನೂ ತುಲನೆ ಮಾಡಿ, ತಿಂದು ಕಕ್ಕುವ ಬುಲಿಮಿಯ ಕಾಲದೇಶಕ್ಕೆ ಕಟ್ಟುಬಿದ್ದದ್ದು, ಅನೊರೆಕ್ಸಿಯ ಹಾಗಲ್ಲ ಎಂದರು.

*ರಕ್ತ ಮತ್ತು ಚಯಾಪಚಯ.* ಅವಳಿ ಮಕ್ಕಳ ಅಧ್ಯಯನಗಳು ಈ ರೋಗದ ಒಲವಿನಲ್ಲಿ ಸುಮಾರು ಅರ್ಧ ಪಾಲು ಆನುವಂಶಿಕ ಎನ್ನುತ್ತವೆ. 2019ರಲ್ಲಿ 16,992 ರೋಗಿಗಳ ಮತ್ತು 55,525 ಇತರರ ಜೀನುಗಳನ್ನು ಹೋಲಿಸಿದ ಸಂಶೋಧನೆ 8 ತಾಣಗಳನ್ನು ಗುರುತಿಸಿತು. ಗೀಳು, ಆತಂಕ, ಖಿನ್ನತೆಗಳ ಜತೆಗಷ್ಟೇ ಅಲ್ಲ, ಕೊಬ್ಬು, ಸಕ್ಕರೆ, ಇನ್ಸುಲಿನ್‌ಗಳನ್ನು ಮೈ ಬಳಸುವ ರೀತಿಯ ಜತೆಗೂ ಸಂಬಂಧ ಕಂಡಿತು. ಇದು ಅರ್ಧ ಮಾನಸಿಕ, ಅರ್ಧ ಚಯಾಪಚಯದ ರೋಗವಿರಬಹುದು ಎಂಬ ಮಾತು ಅಲ್ಲಿಂದ ಬಲವಾಯಿತು. 1967ರ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ದಿನಕ್ಕೆ ಒಂದೇ ಹೊತ್ತು ಆಹಾರವಿಟ್ಟು, ಓಡುವ ಚಕ್ರವನ್ನೂ ಕೊಟ್ಟ ಇಲಿಗಳು ತಿನ್ನುವುದನ್ನು ಕಡಿಮೆ ಮಾಡುತ್ತ, ಓಡುವುದನ್ನು ಹೆಚ್ಚಿಸುತ್ತ, ಸಾಯುವ ತನಕ ಓಡಿದವು. ಇಲಿಗೆ ಕನ್ನಡಿ ಇಲ್ಲ, ಸಿನಿಮಾ ಇಲ್ಲ, ಬಿಗಿ ಅಪ್ಪ ಇಲ್ಲ. ಸೊರಗಿದ ರೋಗಿ ಯಾಕೆ ಕೂತಲ್ಲಿ ಕೂಡದೆ ಓಡಾಡುತ್ತಾಳೆ ಎಂಬುದನ್ನು ಈ ವಾದ ಚೆನ್ನಾಗಿ ಬಿಡಿಸುತ್ತದೆ. ಮೊದಲ ತುತ್ತನ್ನು ಯಾಕೆ ಬಿಟ್ಟಳು ಎಂಬುದನ್ನು ಬಿಡಿಸುವುದಿಲ್ಲ.

‘ದಪ್ಪ’ ಎಂಬ ಮಾತಿಲ್ಲದ ಅನೊರೆಕ್ಸಿಯ

ಏಷ್ಯಾದ, ಅದರಲ್ಲೂ ನಮ್ಮ ನೆಲದ ಅನುಭವ ಈ ಮೂರು ವಾದಗಳಿಗೂ ತೊಡಕು ತಂದಿತು. 1990ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗಿನ ಸಿಂಗ್ ಲೀ, ತನ್ನ ರೋಗಿಗಳಲ್ಲಿ ಅನೇಕರು ದಪ್ಪಗಾಗುವ ಭಯವನ್ನೇ ಹೇಳುವುದಿಲ್ಲ ಎಂದು ತೋರಿಸಿದ. ಅವರು ಹೇಳುವುದು ಹೊಟ್ಟೆ ಉಬ್ಬರ, ಊಟ ಸೇರದು ಎಂಬಷ್ಟೇ. 1995ರಲ್ಲಿ ದೆಹಲಿಯ ಎಸ್.ಕೆ. ಖಂಡೇಲ್‌ವಾಲ್ ಮತ್ತು ಸಂಗಡಿಗರು ವರದಿ ಮಾಡಿದ ಐವರು ಭಾರತೀಯ ಯುವತಿಯರಲ್ಲೂ ಹೀಗೆಯೇ: ತೂಕ ಇಳಿದಿದೆ, ಊಟ ಬಿಟ್ಟಿದ್ದಾರೆ, ಆದರೆ ತಾನು ದಪ್ಪ ಎಂಬ ಭ್ರಮೆಯಿಲ್ಲ. ಇದಕ್ಕೂ ಮೊದಲು, 1989ರಲ್ಲಿ, ಕಿಂಗ್ ಮತ್ತು ಭೂಗ್ರ ಉತ್ತರ ಭಾರತದ ಶಾಲಾ ಹುಡುಗಿಯರಿಗೆ ಇಂಗ್ಲೆಂಡಿನ ಪ್ರಶ್ನಾವಳಿ ಕೊಟ್ಟಾಗ ಬಹಳ ಮಂದಿ ‘ರೋಗ’ದ ಗೆರೆ ದಾಟಿದರು. ಕೆದಕಿ ನೋಡಿದರೆ, ವ್ರತ, ಉಪವಾಸಗಳ ರೂಢಿಯೇ ಉತ್ತರಗಳಲ್ಲಿ ಮೂಡಿತ್ತು. ಬೆಂಗಳೂರಿನ ಮನೋವೈದ್ಯರನ್ನು ಪ್ರಶ್ನಿಸಿ ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಮೂರನೇ ಎರಡು ಪಾಲು ವೈದ್ಯರು ಊಟದ ಕಾಯಿಲೆಯ ಒಬ್ಬ ರೋಗಿಯನ್ನಾದರೂ ಕಂಡಿದ್ದರು. ಇದು ನಮ್ಮಲ್ಲಿಲ್ಲ ಎಂಬ ಮಾತು ಅಲ್ಲಿಗೆ ಮುಗಿಯಿತು.

ದೊಡ್ಡ ಊರಿನಾಚೆ ಇದು ಕಣ್ಣಿಗೆ ಬೀಳದಿರಲು ಎರಡು ಕಾರಣ. ಒಂದು, ಸೊರಗಿರುವುದೇ ನಮ್ಮಲ್ಲಿ ಸಾಮಾನ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 18.7 ಮಂದಿ ಇರಬೇಕಾದ ತೂಕಕ್ಕಿಂತ ಕಡಿಮೆ. 57 ಮಂದಿಗೆ ರಕ್ತಹೀನತೆ. 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಜತೆ ಮೊಟ್ಟೆ ಕೊಡಲು ಸರ್ಕಾರ ಶುರುಮಾಡಿದ್ದು ಬೀದರ್ ಸೇರಿದಂತೆ ನಮ್ಮ ಭಾಗದ ಜಿಲ್ಲೆಗಳಲ್ಲೇ, ಅಪೌಷ್ಟಿಕತೆ ಇಲ್ಲಿ ಅಷ್ಟು ಆಳವಾಗಿತ್ತು. ಅನ್ನ ಸಿಗದೆ ಸೊರಗಿದವಳ ಪಕ್ಕ ಅನ್ನ ಬಿಟ್ಟು ಸೊರಗಿದವಳು ನಿಂತರೆ ಗುರುತು ಹಿಡಿಯುವುದು ಕಷ್ಟ. ಎರಡು, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಕಡೆಗೆ ಉಣ್ಣುತ್ತಾರೆ. ಎಲ್ಲರ ಊಟವಾದ ಮೇಲೆ ಅಡುಗೆಮನೆಯಲ್ಲಿ ಕೂತವಳ ತಾಟಿನಲ್ಲಿ ಎಷ್ಟು ರೊಟ್ಟಿ ಇತ್ತೆಂದು ಕಂಡವರು ಯಾರು? ಹಾಸ್ಟೆಲ್ಲಿನಲ್ಲಿದ್ದು ಓದುವ ಮಕ್ಕಳ ತಾಟನ್ನು ಕಾಣುವವರು ಇನ್ನೂ ಕಡಿಮೆ.

ವ್ರತ ಮತ್ತು ರೋಗ

ಇಟಲಿಯ ಸಂತ ಕ್ಯಾಥರೀನ್ 1380ರಲ್ಲಿ, 33ರ ವಯಸ್ಸಿನಲ್ಲಿ, ಅನ್ನ ಬಿಟ್ಟು ಸತ್ತಳು. ಅಂಥ ಸಂತಿಣಿಯರನ್ನೆಲ್ಲ ‘ಪವಿತ್ರ ಅನೊರೆಕ್ಸಿಯ’ದ ಹೆಸರಿನಡಿ ಓದಬಹುದೆಂದು ರುಡಾಲ್ಫ್ ಬೆಲ್ 1985ರಲ್ಲಿ ವಾದಿಸಿದ. ಭಕ್ತಿಯನ್ನು ರೋಗವಾಗಿಸಬೇಡಿ ಎಂದು ಇತಿಹಾಸಕಾರರು ತಿರುಗಿ ಕೇಳಿದರು.

ಕನ್ನಡ ನಾಡಿಗೆ ಈ ಪ್ರಶ್ನೆ ಹತ್ತಿರದ್ದು. ಕಮಠಾಣದಲ್ಲಿ ಪಾರ್ಶ್ವನಾಥ ಬಸದಿ ಇದೆ. ರಾಷ್ಟ್ರಕೂಟರ ಕೊನೆಯ ಅರಸು ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ, ಅಂದರೆ ವ್ರತವಾಗಿ ಅನ್ನ ತೊರೆದು, ದೇಹ ಬಿಟ್ಟ. ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯೂ ಅಲ್ಲಿಯೇ ಹಾಗೆ ಮಾಡಿದಳೆಂದು ಶಾಸನವಿದೆ. ಆದರೆ ಆ ಜೈನ ಪರಂಪರೆ ಕೈಗೆ ಬಂದಂತೆ ಊಟ ಬಿಡಲು ಹೇಳಿಲ್ಲ. ತಪ್ಪಿಸಲಾಗದ ಆಪತ್ತು, ಬರಗಾಲ, ಮುಪ್ಪು, ಗುಣವಾಗದ ರೋಗ ಇವಿದ್ದಾಗ ಮಾತ್ರ ಎಂದು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಗೆರೆ ಎಳೆಯುತ್ತದೆ. ಗುರುವಿನ ಅನುಮತಿ ಬೇಕು, ಜನರ ನಡುವೆ ನಡೆಯಬೇಕು. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಗೆ ಸಮ ಎಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ದಿನನಿತ್ಯದ ವ್ರತಗಳಿಗೂ ಕಟ್ಟಳೆಯಿದೆ. ಏಕಾದಶಿಗೆ ದ್ವಾದಶಿಯ ಪಾರಣೆ, ರೋಜಾಕ್ಕೆ ಸಂಜೆಯ ಇಫ್ತಾರ್, ದಶಲಕ್ಷಣದ ಉಪವಾಸಕ್ಕೂ ಪಾರಣೆ. ಕಾಯಿಲೆಯವರಿಗೆ, ಬಸುರಿಯರಿಗೆ ವಿನಾಯಿತಿ. ಬಸವಕಲ್ಯಾಣದ ಶರಣರಂತೂ ಮೈಯನ್ನು ದಂಡಿಸುವ ಬದಲು ಕಾಯಕಕ್ಕೆ ಹಚ್ಚಿ, ಅನ್ನವನ್ನು ಪ್ರಸಾದವೆಂದು ಹಂಚಿ ಉಂಡವರು. ವ್ರತ ಹಿಡಿದವರು ಪಾರಣೆಗೆ ಕಾಯುತ್ತಾರೆ. ಅನೊರೆಕ್ಸಿಯ ಹಿಡಿದವರು ಪಾರಣೆಗೆ ಹೆದರುತ್ತಾರೆ. ಸೋಮವಾರದ ಉಪವಾಸ ಗುರುವಾರಕ್ಕೆ, ಶನಿವಾರಕ್ಕೆ ಹಬ್ಬಿ, ಬಿಡುವ ದಿನ ಬಂದಾಗ ಹೊಸ ಹರಕೆ ಹುಟ್ಟಿಕೊಂಡರೆ ಮನೆಯವರು ಎಚ್ಚರಾಗಬೇಕು.

ಚಿಕಿತ್ಸೆ: ತಾಟಿನಿಂದ ಶುರು

ಕಾರಣದ ಬಗ್ಗೆ ಜಗಳವಿದ್ದರೂ, ಹಸಿದ ಮೆದುಳಿಗೆ ಮೊದಲ ಔಷಧ ಅನ್ನ ಎಂಬುದರಲ್ಲಿ ಒಮ್ಮತವಿದೆ. ಆದರೆ ಬಹಳ ಸೊರಗಿದವರಿಗೆ ಅನ್ನವನ್ನೂ ಅಳೆದು ಕೊಡಬೇಕು. ಎರಡನೆಯ ಮಹಾಯುದ್ಧದ ಸೆರೆಶಿಬಿರಗಳಿಂದ ಬಿಡುಗಡೆಯಾದ ಹಸಿದವರು ಹೊಟ್ಟೆತುಂಬ ಉಂಡು ಸತ್ತದ್ದನ್ನು ವೈದ್ಯರು ಕಂಡರು. ಒಮ್ಮೆಲೇ ಸಕ್ಕರೆಯಂಶ ಬಂದರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿನ ಫಾಸ್ಫೇಟ್ ಜೀವಕೋಶಗಳೊಳಗೆ ನುಗ್ಗುತ್ತದೆ. ಹೃದಯ, ಉಸಿರು ಎರಡೂ ಕೈಕೊಡಬಹುದು. ‘ಅಶಕ್ತ ಆಗ್ಯಾಳ’ ಎಂದು ಊರಿನ ದವಾಖಾನೆಗೆ ಕರೆದೊಯ್ದು ಗ್ಲುಕೋಸ್ ಬಾಟಲಿ ಹಚ್ಚಿಸುವ ನಮ್ಮ ರೂಢಿ ಇಂಥ ಮಗುವಿಗೆ ಅಪಾಯ. ರಕ್ತಪರೀಕ್ಷೆ, ಇಸಿಜಿ, ಥಯಾಮಿನ್, ನಿಗಾ ಇರುವ ಆಸ್ಪತ್ರೆಯೇ ಬೇಕು.

ವಿಲಿಯಂ ಗಲ್ ಬಂಧುಗಳನ್ನು ಆರೈಕೆಗೆ ತಕ್ಕವರೆಂದು ನಂಬಿರಲಿಲ್ಲ. 1987ರಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಅಧ್ಯಯನ ಅದನ್ನು ತಿರುಗಿಸಿತು. ರೋಗ ಚಿಕ್ಕ ವಯಸ್ಸಿನಲ್ಲೇ ಬಂದು ಮೂರು ವರ್ಷ ಮೀರದಿದ್ದವರಿಗೆ, ಮನೆಯವರನ್ನೇ ಜತೆಗಿಟ್ಟುಕೊಂಡ ಚಿಕಿತ್ಸೆ ಹೆಚ್ಚು ಫಲ ಕೊಟ್ಟಿತು. ತಂದೆತಾಯಿ ಬೈಯದೆ, ಬಿಡದೆ, ದಿನಕ್ಕೆ ಹಲವು ಸಲ ಪಕ್ಕ ಕೂತು ಉಣಿಸುತ್ತಾರೆ. ತೂಕ ಮರಳಿದಂತೆ ತಾಟಿನ ಹೊಣೆಯನ್ನು ಮಗುವಿಗೆ ಮರಳಿಸುತ್ತಾರೆ. ಅಜ್ಜಿ, ದೊಡ್ಡವ್ವ, ಅತ್ತಿಗೆ ಎಲ್ಲ ಇರುವ ಮನೆಗೆ ಇದು ಅಸಾಧ್ಯವಲ್ಲ. ಎಲ್ಲರೂ ಒಂದೇ ಮಾತು ಆಡಬೇಕು, ಅಷ್ಟೇ. ವಯಸ್ಕರಿಗೆ ಮಾತುಕತೆಯ ಚಿಕಿತ್ಸೆಗಳು ನೆರವಾಗುತ್ತವೆ.

ನೆರವು ಎಲ್ಲಿ ಸಿಗುತ್ತದೆ? ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಗುಣವಾಗುವ ದಾರಿ ಉದ್ದ, ಆದರೆ ಅದು ಮುಚ್ಚಿಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಅನೊರೆಕ್ಸಿಯ ಇದ್ದವರಲ್ಲಿ 9 ವರ್ಷದ ಹೊತ್ತಿಗೆ ಗುಣವಾದವರು ಮೂರರಲ್ಲೊಬ್ಬರಷ್ಟೇ. 22 ವರ್ಷದ ಹೊತ್ತಿಗೆ ಸುಮಾರು ಮೂರರಲ್ಲಿಬ್ಬರು.

ಇನ್ನೂ ತೀರದ ಪ್ರಶ್ನೆಗಳು

ದಪ್ಪಗಾಗುವ ಭಯವಿರುವ ಅನೊರೆಕ್ಸಿಯ, ಆ ಭಯವಿಲ್ಲದ ಅನೊರೆಕ್ಸಿಯ ಒಂದೇ ರೋಗವೋ ಎರಡೋ ಎಂಬುದು ಮೊದಲನೆಯದು. ಭಯ ಇಲ್ಲವೋ, ಅದನ್ನು ಹೇಳುವ ಮಾತು ನಮ್ಮಲ್ಲಿ ಬೇರೆಯೋ ಎಂಬುದೂ ಅದರೊಳಗೇ ಇದೆ. ಜೀನುಗಳ ಆ ದೊಡ್ಡ ಅಧ್ಯಯನ ಯೂರೋಪಿನ ಮೂಲದವರದ್ದು. ಆ 8 ತಾಣಗಳು ನಮ್ಮ ಮಕ್ಕಳ ವಿಷಯದಲ್ಲೂ ನಿಜವೇ ಎಂಬುದು ಎರಡನೆಯದು. ಕುಗ್ಗಿದ ಮೆದುಳಿನಲ್ಲಿ ಹಸಿವಿನ ಗುರುತು ಎಷ್ಟು, ಮೊದಲೇ ಇದ್ದ ಒಲವು ಎಷ್ಟು ಎಂಬುದು ಮೂರನೆಯದು. ಈ ರೋಗಕ್ಕೆಂದೇ ಒಪ್ಪಿಗೆ ಪಡೆದ ಔಷಧ ಇನ್ನೂ ಒಂದೂ ಇಲ್ಲ, ವರ್ಷಗಟ್ಟಲೆ ಬಳಲಿದ ವಯಸ್ಕರಿಗೆ ಯಾವುದು ಹಿತ ಎಂಬುದರಲ್ಲಿ ಒಮ್ಮತವಿಲ್ಲ, ಅದು ನಾಲ್ಕನೆಯದು. ಹತ್ತಾರು ವರ್ಷ ಬಳಲಿದವರು ‘ಸಾಕು, ಬಿಡಿ’ ಎಂದರೆ, ಅದು ಅವರ ಮಾತೋ, ಹಸಿದ ಮೆದುಳಿನ ಮಾತೋ? ಇದಕ್ಕೆ ವೈದ್ಯರೂ ನ್ಯಾಯಾಲಯಗಳೂ ಬೇರೆ ಬೇರೆ ಉತ್ತರ ಕೊಟ್ಟಿವೆ.

ನಮಗೆ ಎಲ್ಲಕ್ಕಿಂತ ಹತ್ತಿರದ್ದು ಕಡೆಯ ಪ್ರಶ್ನೆ. ಭಕ್ತಿಯಿಂದಲೇ ಶುರುವಾದ ಉಪವಾಸ ಯಾವ ದಿನ ರೋಗದ ಕೈಗೆ ಹೋಗುತ್ತದೆ? ಆ ಗೆರೆ ಎಲ್ಲಿದೆಯೆಂದು ಯಾವ ಪ್ರಶ್ನಾವಳಿಯೂ ಇನ್ನೂ ಖಚಿತವಾಗಿ ತೋರಿಸಿಲ್ಲ. ಅದು ತೀರ್ಮಾನವಾಗುವ ತನಕ ದೊಡ್ಡವ್ವನ ಕೈಯಲ್ಲಿ ಒಂದು ಮಾತಿದೆ. ಎಳ್ಳಮಾಸಿಯ ಸಾಲಿನಲ್ಲಿ ಅವಳ ಪಕ್ಕಕ್ಕೆ ಸರಿದು, ಬೈಯದೆ, ಮೆಲ್ಲಗೆ ಕೇಳಬಹುದಾದ ಮಾತು: ‘ಪಾರಣಿ ಯಾವತ್ತವ್ವಾ?’